ಗವರ್ನರ್ ಸಾಹೇಬನಿಗೆ ಒಂದು ಎಡೆ

ಎಡಿನ್‌ಬರೊ, ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಕಿಟಕಿಯಲ್ಲಿದ್ದ ಹೆಂಗಸು ಯಾಕೆ ಬಂದಿರಿ ಎಂದು ಕೇಳಿದಳು. ಅನುವಾದಕರ ಕಮ್ಮಟ, ಎರಡು ವಾರ ಎಂದೆ. ಅದು ಸುಳ್ಳಲ್ಲ, ಆಹ್ವಾನ ಪತ್ರವೂ ಕೈಯಲ್ಲಿತ್ತು. ಆದರೆ ನಾನು ಬಂದ ಕಾರಣ ಬೇರೆ. ನಿಮ್ಮ ದೇಶದವನೊಬ್ಬನಿಗೆ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ವರ್ಷಕ್ಕೊಮ್ಮೆ ಊಟ ಬಡಿಸುತ್ತಿದ್ದೇವೆ, ಅವನು ಆ ಊಟಕ್ಕೆ ತಕ್ಕವನೋ ಅಲ್ಲವೋ ತಿಳಿದುಕೊಂಡು ಹೋಗಬೇಕು ಎಂದು ಹೇಳಿದ್ದರೆ ಅವಳು ನನ್ನನ್ನು ಪಕ್ಕದ ಕೋಣೆಗೆ ಕಳಿಸುತ್ತಿದ್ದಳು.

ಪಕ್ಕದ ಕೋಣೆಗೆ ನಾನು ಹೇಗೂ ಹೋದೆ. ಚೀಲದಲ್ಲಿದ್ದ ಹುಚ್ಚೆಳ್ಳಿನ ಚಟ್ನಿಪುಡಿ ಕಪ್ಪಗಿತ್ತು, ಕಪ್ಪು ಪುಡಿ ಅವರಿಗೆ ಹಿಡಿಸಲಿಲ್ಲ. ಕೈಗವಸು ಹಾಕಿದ ಯುವಕ ಪೊಟ್ಟಣ ಬಿಚ್ಚಿ, ಮೂಸಿ, ಮೂರು ಸಲ ಸೀನಿದ. ನಂತರ ಅವನೇ ಕ್ಷಮೆ ಕೇಳಿದ. ಈ ದೇಶದವರು ಎಷ್ಟು ಸಲ ಕ್ಷಮೆ ಕೇಳುತ್ತಾರೆಂದರೆ, ಯಾವುದಕ್ಕೆ ಕೇಳುತ್ತಿದ್ದಾರೆಂದು ಗಮನಿಸುವುದನ್ನು ಎರಡನೇ ದಿನಕ್ಕೆ ನಾನು ಬಿಟ್ಟುಬಿಟ್ಟೆ.

ಮಲವಗೊಪ್ಪ, ಹಿಂದಿನ ದೀಪಾವಳಿ

ಪ್ರವಾಸ ಎಲ್ಲಿಂದ ಶುರುವಾಯಿತೋ ಅದನ್ನು ಮೊದಲು ಹೇಳಬೇಕು. ನಮ್ಮ ಕಡೆ ದೀಪಾವಳಿಯಲ್ಲಿ ಹಿರಿಯರ ಹಬ್ಬ ಮಾಡುತ್ತಾರೆ. ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಒಬ್ಬೊಬ್ಬರಿಗೂ ಬಾಳೆ ಎಲೆ ಹಾಕಿ ಎಡೆ ಬಡಿಸುತ್ತಾರೆ. ಮಲವಗೊಪ್ಪದ ನಮ್ಮ ದೊಡ್ಡಪ್ಪನ ಮನೆಯಲ್ಲಿ ನಡುಮನೆಯೊಳಗೆ ಆರು ಎಲೆ. ಏಳನೆಯದು ಹೊರಗೆ, ಜಗಲಿಯ ಮೇಲೆ. ಅದು ಸಾಹೇಬನದು.

ಒಳಗಿನವರಿಗೆ ಹೋಳಿಗೆ, ಕೋಸಂಬರಿ, ಅನ್ನ, ಸಾರು. ಸಾಹೇಬನಿಗೆ ಅದರ ಜೊತೆ ಒಂದು ಬೇಯಿಸಿದ ಮೊಟ್ಟೆ ಮತ್ತು ಲೋಟದಲ್ಲಿ ಎರಡು ಬೆರಳು ಬ್ರಾಂದಿ. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಹಾಗಾಗಿ ಎರಡೂ ಪಕ್ಕದ ಮನೆಯ ಸೆಲ್ವಂ ಕಡೆಯಿಂದ ಬರುತ್ತಿದ್ದವು, ಅವನ ಅಪ್ಪನ ಕಾಲದಿಂದ. ಸೆಲ್ವಂ ಜಗಲಿಯ ತುದಿಗೆ ಬಂದು ತಾನೇ ಇಟ್ಟು ಹೋಗುತ್ತಿದ್ದ. ಸಂಜೆಗೆ ಲೋಟ ಖಾಲಿಯಾಗಿರುತ್ತಿತ್ತು.

ಆ ಎಲೆಯ ಪಕ್ಕದಲ್ಲಿ ಒಂದು ಖಾಕಿ ಟೋಪಿ ಇರುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮನೆಯ ಬೇರೆ ಯಾರೂ ನೋಡಿಲ್ಲ. ನಾನೇ ಯಾವಾಗಲೋ ಅದನ್ನು ಅಲ್ಲಿ ತಂದಿಟ್ಟಿರಬೇಕು. ಈ ಬರಹದಲ್ಲಿ ನನ್ನ ನೆನಪಿನಿಂದ ಬಂದ ಸಂಗತಿಗಳನ್ನು ಓದುಗರು ಆ ಟೋಪಿಯನ್ನು ನಂಬಿದಷ್ಟೇ ನಂಬಿದರೆ ಸಾಕು.

ಸಾಹೇಬ ಯಾರು? ಕಂಪನಿ ಸರ್ಕಾರದ ಸೈನ್ಯದಲ್ಲಿ ಕರ್ನಲ್. ನಮ್ಮ ಕಡೆ ರೈತರು ಕಂದಾಯ ಕಟ್ಟೆವು ಎಂದು ಎದ್ದಾಗ ಅಡಗಿಸಲು ಬಂದವನು. ಆ ದಂಗೆಯಲ್ಲಿ ನಮ್ಮ ಹಿರಿಯ, ಊರಿನ ಪಟೇಲ ಬಸಪ್ಪಜ್ಜ ಸಿಕ್ಕಿಬಿದ್ದ. ಇಲ್ಲಿಂದ ಮುಂದೆ ಮನೆಯಲ್ಲಿ ಎರಡು ಕಥೆ. ದೊಡ್ಡವ್ವ ಹೇಳುವುದು: ಸಾಹೇಬ ಜ್ವರ ಬಂದು ಮಲಗಿದ್ದ, ಬಸಪ್ಪಜ್ಜ ಕಷಾಯ ಮಾಡಿಕೊಟ್ಟ, ನೇಣಿಗೆ ಹಾಕಬೇಕಾದವನನ್ನು ಸಾಹೇಬ ಬಿಟ್ಟುಕಳಿಸಿದ, ಎಡೆ ಆ ಉಪಕಾರಕ್ಕೆ. ಅವಳ ಮಗ ಮಹೇಶಣ್ಣ ಹೇಳುವುದು: ಸಾಹೇಬ ಬಸಪ್ಪಜ್ಜನನ್ನು ದಾರಿಬದಿಯ ಮರಕ್ಕೆ ನೇತುಹಾಕಿದ, ಎಡೆ ಸಾಹೇಬನ ದೆವ್ವಕ್ಕೆ ಹೆದರಿ ಇಟ್ಟದ್ದು. ಮಹೇಶಣ್ಣ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದು ನಿವೃತ್ತನಾದವನು, ಯೂನಿಯನ್ನಿನಲ್ಲಿ ಭಾಷಣ ಮಾಡುತ್ತಿದ್ದವನು. ಗಲ್ಲಿಗೇರಿದ ಅಜ್ಜ ಅವನಿಗೆ ಬೇಕಾಗಿದ್ದ.

ಹಿಂದಿನ ದೀಪಾವಳಿಯಲ್ಲಿ ಅವನು ಜಗಲಿಗೆ ಬಂದು ಸಾಹೇಬನ ಎಲೆಯನ್ನು ಮಡಚಿ ತಿಪ್ಪೆಗೆ ಎಸೆದ. ದೊಡ್ಡವ್ವ ಜಗಳವಾಡಲಿಲ್ಲ. ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗಕ್ಕೆ ಬಸ್ ಹತ್ತಿ, ನವುಲೆಯಲ್ಲಿರುವ ಮಗಳ ಮನೆಗೆ ಹೋದಳು. ಎಂಬತ್ತು ದಾಟಿದ ಹೆಂಗಸು. ಹೋದವಳು ಮಗನ ಜೊತೆ ಮಾತು ಬಿಟ್ಟಳು. ಮಲವಗೊಪ್ಪಕ್ಕೂ ನವುಲೆಗೂ ಆಟೋದಲ್ಲಿ ಎಷ್ಟು ದೂರವಾದೀತು? ವರ್ಷವಿಡೀ ಇಬ್ಬರೂ ಆ ದೂರವನ್ನು ದಾಟಲಿಲ್ಲ.

ಸಾಹೇಬನ ಕಾಗದಪತ್ರಗಳು ಎಡಿನ್‌ಬರೊದಲ್ಲಿವೆ ಎಂದು ಪತ್ತೆ ಮಾಡಿಕೊಟ್ಟವರು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವ ನನ್ನ ಸ್ನೇಹಿತೆ. ನಾನು ಅದೇ ಊರಿಗೆ ಹೋಗುವುದಿದೆ ಎಂದು ತಿಳಿದಾಗ ತಾಯಿ ಮಗ ಇಬ್ಬರೂ, ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ, ಒಂದೇ ಮಾತಿಗೆ ಒಪ್ಪಿದರು. ಕಾಗದದಲ್ಲಿ ಇದ್ದದ್ದೇ ತೀರ್ಮಾನ. ಬಿಟ್ಟಿದ್ದರೆ ಮಹೇಶಣ್ಣ ತಾನೇ ಜಗಲಿಯ ಎಡೆ ಬಡಿಸಿ ತಾಯಿಯನ್ನು ಕರೆತರುತ್ತಾನೆ. ಕೊಂದಿದ್ದರೆ ಎಡೆ ನಿಲ್ಲುತ್ತದೆ, ದೊಡ್ಡವ್ವ ನವುಲೆಯಲ್ಲೇ ಉಳಿಯುತ್ತಾಳೆ.

"ಬಿಟ್ಟನೋ, ಕೊಂದನೋ. ಅಷ್ಟು ಕೇಳ್ಕೊಂಡ್ ಬಾ ಮಾರಾಯ್ತಿ. ಬೇರೆ ಕಥೆ ಬೇಡ," ಎಂದಳು ದೊಡ್ಡವ್ವ.

ದಾಖಲೆ ಕೋಣೆ, ಮೊದಲ ದಿನ

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಸಾಹೇಬ ಎಂದೇ ಕರೆದದ್ದು, ಇಲ್ಲಿಯೂ ಅಷ್ಟೇ.

ದಾಖಲೆ ಕೋಣೆಯ ಮಡಿ ನಮ್ಮ ಅಜ್ಜಿಯರ ಮಡಿಗಿಂತ ಕಟ್ಟುನಿಟ್ಟು. ಪೆನ್ನು ಒಳಗೆ ತರುವಂತಿಲ್ಲ, ಸೀಸದ ಕಡ್ಡಿ ಮಾತ್ರ. ಕೋಟು, ಚೀಲ, ನೀರು ಹೊರಗೆ. ಪುಸ್ತಕವನ್ನು ಮೇಜಿನ ಮೇಲೆ ಇಡುವಂತಿಲ್ಲ, ಅದಕ್ಕೆ ದಿಂಬು ಕೊಡುತ್ತಾರೆ. ನಮ್ಮ ತಾಲೂಕು ಕಚೇರಿಯ ಕಡತಗಳು ನೆನಪಾದವು, ದಾರ ಬಿಗಿದು ಬೀರುವಿನ ಮೇಲೆ ಎಸೆದಂಥವು. ಅವಕ್ಕೆ ಯಾರೂ ದಿಂಬು ಕೊಟ್ಟಿಲ್ಲ. ಆದರೂ ಬದುಕಿವೆ.

ಅಲ್ಲಿನ ಮೇಲ್ವಿಚಾರಕಿ ಫಿಯೋನಾ, ಕೂದಲು ನೆರೆತ ಗಟ್ಟಿಮುಟ್ಟು ಹೆಂಗಸು. ಸಾಹೇಬನ ಪೆಟ್ಟಿಗೆಗಳು ಹನ್ನೊಂದಿವೆ ಎಂದಳು. ಯಾವುದು ಬೇಕು? ಒಂದು ಇಡೀ ಜೀವನವನ್ನು ಪೆಟ್ಟಿಗೆಗಳಲ್ಲಿ ಕೇಳುವುದು ನನಗೆ ಹೊಸದು. ಎಲ್ಲವನ್ನೂ ಒಂದೊಂದಾಗಿ ತರಿಸಿದೆ.

ಪಾದ್ರಿಯ ಮಗ. ಮೀಸೆ ಮೂಡುವ ಮೊದಲೇ ಹಡಗು ಹತ್ತಿ ಮದರಾಸಿಗೆ ಬಂದ. ಭಾಷೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ. ಕಾಲರಾದಲ್ಲಿ ಗೆಳೆಯರೆಲ್ಲ ಸತ್ತು, ಉಳಿದವನೆಂಬ ಕಾರಣಕ್ಕೆ ಬಡ್ತಿ ಪಡೆದ. ನಮ್ಮ ಕಡೆಯ ದಂಗೆಯ ನಂತರ ಸಕ್ಕರೆಗಾಗಿ ಕಬ್ಬು ಬೆಳೆಸುವ ದೂರದ ಒಂದು ದ್ವೀಪಕ್ಕೆ ಗವರ್ನರ್ ಆದ. ಹನ್ನೊಂದರಲ್ಲಿ ಎಂಟು ಪೆಟ್ಟಿಗೆ ಆ ದ್ವೀಪದ್ದೇ: ಸೇತುವೆಯ ನಕ್ಷೆ, ಜೈಲಿನ ನಕ್ಷೆ, ಔತಣಕ್ಕೆ ಕರೆಯಬೇಕಾದವರ ಪಟ್ಟಿ, ಕರೆಯಬಾರದವರ ಪಟ್ಟಿ. ಗಿಡಗಳ ಮೇಲೆ ಅವನಿಗೆ ಅಕ್ಕರೆ. ಒಂದು ಜಾಯಿಕಾಯಿ ಸಸಿ ಒಣಗಿದ್ದಕ್ಕೆ ಬರೆದ ಪತ್ರ ಹೆಂಡತಿ ಸತ್ತಾಗ ಬರೆದದ್ದಕ್ಕಿಂತ ಉದ್ದ. ಇದರಿಂದ ಏನನ್ನೂ ತೀರ್ಮಾನಿಸಬಾರದು. ಉದ್ದ ಬರೆಯಲಾಗದ ಪತ್ರಗಳೂ ಇರುತ್ತವೆ.

ನಮ್ಮ ಪಾಲಿಗಿದ್ದದ್ದು ಒಂದೇ ಪೆಟ್ಟಿಗೆ, ಅದೂ ಅರ್ಧ ಖಾಲಿ. ಶಿವಮೊಗ್ಗದ ಶಿಬಿರದಿಂದ ಮೇಲಿನವರಿಗೆ ಬರೆದ ವರದಿಯ ಪ್ರತಿ, ಮನೆಗೆ ಬರೆದ ಕೆಲವು ಪತ್ರ. ವರದಿಯ ಅಕ್ಷರ ಗುಮಾಸ್ತನದು, ಮುತ್ತಿನಂಥದ್ದು. ಊಟದ ಹೊತ್ತಿಗೆ ಬಸಪ್ಪಜ್ಜ ಸಿಕ್ಕ. ಊರಿನ ಹೆಸರು, ಪಟೇಲ ಬಸಪ್ಪ, ಮರಣದಂಡನೆ ವಿಧಿಸಲಾಗಿತ್ತು, ಸಲ್ಲಿಸಿದ ಸೇವೆಯನ್ನು ಪರಿಗಣಿಸಿ ಕ್ಷಮಿಸಿ ಬಿಡುಗಡೆ ಮಾಡಲಾಗಿದೆ.

ಸೇವೆ. ಕಷಾಯವಲ್ಲದೆ ಮತ್ತೇನು?

ಹೊರಗೆ ಓಡಿ, ಕೋಟು ತೊಡುವುದನ್ನೂ ಮರೆತು, ಚಳಿಯಲ್ಲಿ ನಿಂತು ನವುಲೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಬಿಟ್ಟಿದ್ದಾನೆ ದೊಡ್ಡವ್ವ, ಎಂದೆ. ಒಗೆದ ಸೀರೆ ಇನ್ನೂ ಒಣಗಿಲ್ಲ, ನಾಡಿದ್ದು ಹೊರಡುತ್ತೇನೆ ಅಂದಳು. ಮಹೇಶಣ್ಣನಿಗೂ ಹೇಳಿದೆ. ಆಗಲಿ, ಮಾತು ಅಂದರೆ ಮಾತು, ನಾಡಿದ್ದು ಮಧ್ಯಾಹ್ನ ಕಾರು ತಗೊಂಡು ಹೋಗ್ತೀನಿ ಎಂದ. ಸೋತವನ ದನಿಯಲ್ಲಿ ಅಷ್ಟೊಂದು ಹಗುರವಿರುವುದನ್ನು ನಾನು ಕೇಳಿರಲಿಲ್ಲ.

ಚರ್ಚಿನ ಊರು

ಮರುದಿನ ಕಮ್ಮಟ ತಪ್ಪಿಸಿ ಸಾಹೇಬನ ಊರಿಗೆ ಬಸ್ಸಿನಲ್ಲಿ ಹೋದೆ. ಕೆಲಸ ಮುಗಿದಿತ್ತು, ಸಮಾಧಿ ನೋಡಿ ಬರುವ ಎಂದು. ನಿಲ್ದಾಣ ಬರುವ ಮೊದಲೇ ಎದ್ದು ಬಾಗಿಲಿನ ಹತ್ತಿರ ನಿಂತೆ. ಭದ್ರಾವತಿಯ ಬಸ್ಸಿನಲ್ಲಿ ಹಾಗೆ ನಿಲ್ಲದಿದ್ದರೆ ಮುಂದಿನ ಊರಿನಲ್ಲೇ ಇಳಿಯಬೇಕು. ಇಲ್ಲಿ ಚಾಲಕ ಬಸ್ಸನ್ನೇ ನಿಲ್ಲಿಸಿ, ದಯವಿಟ್ಟು ಕೂತುಕೊಳ್ಳಿ ಎಂದ. ಬಸ್ಸು ನಿಂತಿತಲ್ಲ, ಇಳಿಯಬೇಕೆಂದುಕೊಂಡು ನಾನು ಇಳಿದೇಬಿಟ್ಟೆ. ಊರು ಇನ್ನೂ ಎರಡು ಮೈಲಿ ಮುಂದಿತ್ತು. ನಡೆದೆ. ಕುರಿಗಳು ತಲೆಯೆತ್ತಿ ನೋಡಿದವು, ಮನುಷ್ಯರು ನೋಡಲಿಲ್ಲ.

ಚರ್ಚಿಗೆ ಬೀಗ. ಕೀಲಿ ಬೇಕರಿಯಲ್ಲಿದೆ ಎಂದು ಚೀಟಿ ಅಂಟಿಸಿತ್ತು. ಬೇಕರಿಯಲ್ಲಿ ಕೇಳಿದರೆ ಕೀಲಿಯ ಜೊತೆ ಅಲನ್ ಎಂಬ ಮುದುಕನೂ ಬಂದ. ಚರ್ಚು ಮಾರಾಟಕ್ಕಿದೆಯಂತೆ. ಕೊಳ್ಳುವವರು ಒಳಗೆ ಮನೆ ಮಾಡಿಕೊಳ್ಳುತ್ತಾರಂತೆ. ದೇವರಿದ್ದ ಕಡೆ ಅಡುಗೆ ಮಾಡುತ್ತಾರಾ ಎಂದೆ. ಸಂಸಾರ ಮಾಡುವವರಿಗೆ ಅಡುಗೆ ಬೇಕಲ್ಲ ಎಂದ. ಅವನು ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿದವನು. ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ನಮ್ಮ ಭದ್ರಾವತಿಯ ಬಗ್ಗೆ ಹೇಳಿದೆ. ಅವನು ಅಲ್ಲಿನ ದೇವಸ್ಥಾನ ಕೇಳಲಿಲ್ಲ, ಹವಾಮಾನ ಕೇಳಲಿಲ್ಲ. ಕುಲುಮೆ ಎಷ್ಟು ಎತ್ತರ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆ ಊರಿನಲ್ಲೇ ಬೆಳೆದು ಅಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದ.

ಗೋಡೆಯಲ್ಲಿ ಸಾಹೇಬನ ಅಮೃತಶಿಲೆಯ ಫಲಕ. ದ್ವೀಪದ ಆಳ್ವಿಕೆಗೆ ನಾಲ್ಕು ಸಾಲು. ಮೈಸೂರು ಸೀಮೆ ಎಂಬುದು ಒಂದು ಸಾಲಿನ ಅರ್ಧದಲ್ಲಿ, ಬೇರೆ ಎರಡು ಸೀಮೆಗಳ ನಡುವೆ. ಕೆಳಗೆ ಅವನ ಗುಣಗಳು: ನ್ಯಾಯವಂತ, ಸಸ್ಯಪ್ರೇಮಿ, ಜೀವಮಾನದಲ್ಲಿ ಮದ್ಯವನ್ನು ಮುಟ್ಟದವನು. ಊರಿನಲ್ಲಿ ಕುಡಿತ ಬಿಡಿಸುವ ಸಂಘವನ್ನೂ ಕಟ್ಟಿದ್ದನಂತೆ.

ನನಗೆ ನಗು ತಡೆಯಲಾಗಲಿಲ್ಲ. ಅಲನ್‌ಗೆ ವಿವರಿಸಿದೆ. ನಿಮ್ಮ ಸಾಹೇಬನಿಗೆ ನಾವು ಪ್ರತಿ ವರ್ಷ ಬ್ರಾಂದಿ ಇಡುತ್ತಿದ್ದೆವು. ಅವನು ಬಹಳ ಹೊತ್ತು ಯೋಚಿಸಿ, ಬ್ರಾಂದಿ ಬೇಡ, ವಿಸ್ಕಿ ಇಟ್ಟಿದ್ದರೆ ಅವನು ಮನಸ್ಸು ಬದಲಿಸುತ್ತಿದ್ದನೇನೋ ಎಂದ. ಫಲಕದ ಚಿತ್ರ ಮಹೇಶಣ್ಣನಿಗೆ ಕಳಿಸಿದೆ. ಅವನಿಂದ ಧ್ವನಿ ಸಂದೇಶ ಬಂತು: "ಹಂಗಾದ್ರೆ ಇಷ್ಟು ವರ್ಷ ಕುಡಿದೋನು ಯಾರು ಅಂತ ಸೆಲ್ವಂನ ಕೇಳ್ಬೇಕು ಮಾರಾಯ್ತಿ. ಅವನಿಗೂ ಒಂದು ಫಲಕ ಹಾಕ್ಸಾಣ."

ದಾಖಲೆ ಕೋಣೆ, ಮತ್ತೆ

ಮೂರನೇ ದಿನ ನಾನು ಅಲ್ಲಿಗೆ ಮತ್ತೆ ಹೋಗಬೇಕಾಗಿರಲಿಲ್ಲ. ವರದಿಯ ಆ ಪುಟದ ಚಿತ್ರ ಸಿಕ್ಕಿತ್ತು. ಆದರೆ ಒಂದು ಕಥೆ ಇಷ್ಟು ಸುಲಭವಾಗಿ ಮುಚ್ಚಿಕೊಂಡರೆ ನನಗೆ ಕೈ ತುರಿಸುತ್ತದೆ. ಇದನ್ನು ಗುಣವೆಂದು ಹೇಳುತ್ತಿಲ್ಲ. ಇದರಿಂದ ನನ್ನ ಮನೆಯಲ್ಲಿ ಯಾರಿಗೂ ಒಳ್ಳೆಯದಾಗಿಲ್ಲ.

ಮನೆಗೆ ಬರೆದ ಪತ್ರಗಳನ್ನು ಮೊದಲ ದಿನ ಬಿಟ್ಟಿದ್ದೆ, ಓದಲಾಗದೆ. ಆ ಕಾಲದಲ್ಲಿ ಕಾಗದ ಉಳಿಸಲು ಒಂದು ಪದ್ಧತಿ ಇತ್ತು. ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ಅಡ್ಡಲಾಗಿ ಮತ್ತೆ ಬರೆಯುತ್ತಿದ್ದರು. ನೋಡಿದರೆ ಕಿಟಕಿಯ ಸರಳಿನಂತೆ ಕಾಣುತ್ತದೆ. ನಮ್ಮಪ್ಪನೂ ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನವರೆಗೆ ಬರೆಯುತ್ತಿದ್ದರು, ಆದರೆ ಹೀಗಲ್ಲ. ಹೇಗೆ ಓದುವುದು ಎಂದು ಫಿಯೋನಾಳನ್ನು ಕೇಳಿದೆ. ಉದ್ದದ ಸಾಲುಗಳನ್ನು ಮರೆತುಬಿಡಿ, ಅಡ್ಡದ್ದನ್ನು ಮಾತ್ರ ನೋಡಿ, ಕಣ್ಣು ಅರ್ಧ ಗಂಟೆಯಲ್ಲಿ ಕಲಿಯುತ್ತದೆ ಎಂದಳು. ದೂರದಿಂದ ಬಂದವರಲ್ಲಿ ಹೆಚ್ಚಿನವರು ಇದನ್ನು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಓದುವವರು ಕಡಿಮೆ ಎಂದೂ ಸೇರಿಸಿದಳು.

ಅಕ್ಕನಿಗೆ ಬರೆದ ಪತ್ರ. ಉದ್ದದ ಸಾಲುಗಳಲ್ಲಿ ಮಳೆ, ಜಿಗಣೆ, ಕೊಳೆತ ಬೂಟು, ಸತ್ತ ಕುದುರೆ. ಅಡ್ಡದ ಸಾಲುಗಳಲ್ಲಿ, ಮಧ್ಯದಲ್ಲೆಲ್ಲೋ, ಬಸಪ್ಪಜ್ಜ. ಸಾರಾಂಶ ಇಷ್ಟು. ನೇಣಿಗೆ ಹಾಕಬೇಕಿದ್ದ ಮುದಿ ಪಟೇಲ ಬೆಳಗಾಗುತ್ತಲೇ ಹೇಳಿಕಳಿಸಿದ, ನೀವು ಹುಡುಕುತ್ತಿರುವ ನಾಲ್ವರು ಎಲ್ಲಿದ್ದಾರೆಂದು ನನಗೆ ಗೊತ್ತು. ಅವನೇ ಮುಂದೆ ನಡೆದು ದಾರಿ ತೋರಿಸಿದ. ಬೆಲ್ಲದ ಆಲೆಮನೆಯೊಂದರಲ್ಲಿ ನಾಲ್ವರೂ ಮಲಗಿದ್ದರು. ಮಧ್ಯಾಹ್ನಕ್ಕೆ ಮೊದಲೇ ಅವರನ್ನು ಮುಗಿಸಲಾಯಿತು. ಕೊಟ್ಟ ಮಾತಿನಂತೆ ಪಟೇಲನನ್ನು ಬಿಟ್ಟೆ. ಮುಂದಿನ ಸಾಲಿನಲ್ಲಿ ಉಣ್ಣೆಯ ಕಾಲುಚೀಲ ಕಳಿಸು ಎಂದು ಕೇಳಿದ್ದಾನೆ.

ಕಷಾಯ ಇಲ್ಲ. ಜ್ವರವೂ ಇಲ್ಲ.

ವರದಿಯನ್ನು ಮತ್ತೆ ತರಿಸಿದೆ. ನಾಲ್ವರು ಅಲ್ಲಿಯೂ ಇದ್ದರು, ಎರಡು ಪುಟ ಮುಂದೆ, ಬೇರೆ ಕಲಮಿನಲ್ಲಿ. ಮಲ್ಲ, ಹನುಮ ಮತ್ತು ಅವರ ಇಬ್ಬರು ಸಂಗಡಿಗರು. ಮೊದಲ ದಿನ ಬಸಪ್ಪಜ್ಜ ಸಿಕ್ಕ ಕೂಡಲೇ ಪುಸ್ತಕ ಮುಚ್ಚಿ ಓಡಿದವಳು ನಾನು.

ಹೊರಗಿನ ಬೆಂಚು

ಗಡಿಯಾರ ನೋಡಿದೆ. ಇಲ್ಲಿ ಹನ್ನೊಂದು, ಅಲ್ಲಿ ಮಧ್ಯಾಹ್ನ ಮೂರೂವರೆ. ಮಹೇಶಣ್ಣ ಕಾರು ತೆಗೆದುಕೊಂಡು ನವುಲೆಗೆ ಹೋಗುವ ದಿನ. ನಾಲ್ಕು ದಿನಕ್ಕೆ ಹಬ್ಬ.

ಸುಮ್ಮನಿರಬಹುದಿತ್ತು. ದೊಡ್ಡವ್ವ ಕೇಳಿದ್ದು ಬಿಟ್ಟನೋ ಕೊಂದನೋ ಎಂದು. ಬಿಟ್ಟ ಎಂಬುದು ನಿಜ. ಬೇರೆ ಕಥೆ ಬೇಡ ಎಂದವಳೂ ಅವಳೇ. ಬೆಂಚಿನ ಮೇಲೆ ಕೂತು, ಈ ವಾದವನ್ನು ನನಗೆ ನಾನೇ ಎರಡು ಸಲ ಮಾಡಿಕೊಂಡೆ. ಎರಡನೇ ಸಲ ಅದು ಮೊದಲಿಗಿಂತ ಚೆನ್ನಾಗಿ ಕೇಳಿಸಿತು. ಅದಕ್ಕೇ ಮಹೇಶಣ್ಣನಿಗೆ ವಿಡಿಯೋ ಫೋನ್ ಮಾಡಿದೆ.

ಅವನು ಆಗಲೇ ನವುಲೆ ಮುಟ್ಟಿದ್ದ, ತೆರೆಯಲ್ಲಿ ಇಬ್ಬರೂ ಕಂಡರು. ವರ್ಷದ ಮೇಲೆ ಇಬ್ಬರನ್ನು ಒಂದೇ ಚೌಕದಲ್ಲಿ ನೋಡಿದ್ದು. ದೊಡ್ಡವ್ವ ಕುರ್ಚಿಯಲ್ಲಿ, ತೊಡೆಯ ಮೇಲೆ ಚೀಲ. ಹಿಂದೆ ಮಹೇಶಣ್ಣ ಕಾರಿನ ಕೀಲಿ ತಿರುಗಿಸುತ್ತ ನಿಂತಿದ್ದ. ಅವರಿಬ್ಬರ ನಡುವೆ ಮಾತು ಇನ್ನೂ ಶುರುವಾದಂತಿರಲಿಲ್ಲ. ನಾನು ಪತ್ರದಲ್ಲಿದ್ದದ್ದನ್ನು ಇದ್ದ ಹಾಗೆ, ಇದ್ದ ಅನುಕ್ರಮದಲ್ಲಿ, ಕಾಲುಚೀಲದವರೆಗೆ ಹೇಳಿದೆ.

ಮೊದಲು ಬಾಯಿ ತೆರೆದವನು ಮಹೇಶಣ್ಣ.

"ಅವನು ಬರ್ದಿದ್ದೇ ನಿಜ ಅಂತ ಹೆಂಗೆ ಹೇಳ್ತೀಯ? ಅಕ್ಕನ ಮುಂದೆ ಜಂಬ ಕೊಚ್ಕೊಂಡಿರ್ಬೋದು."

ಇರಬಹುದು. ಇದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗುವ ಮಾತು, ಬರೆದದ್ದನ್ನು ನಂಬಬೇಡಿ ಎಂದು. ಉತ್ತರ ಕೊಟ್ಟವಳು ದೊಡ್ಡವ್ವ, ಅವನ ಕಡೆ ತಿರುಗದೆ.

"ಬಿಟ್ಟ ಅಂತ ಅವನು ಬರ್ದಾಗ ಅದು ನಿಜ ಆಗಿತ್ತಲ್ಲ ನಮ್ಗೆ."

ಆಮೇಲೆ ನನ್ನನ್ನು ಕೇಳಿದಳು. ಎಷ್ಟು ಜನ? ನಾಲ್ಕು. ಹೆಸರು? ಇಬ್ಬರದ್ದಿದೆ, ಮಲ್ಲ, ಹನುಮ. ಇನ್ನಿಬ್ಬರದ್ದು ಬರೆದಿಲ್ಲ. ಮನೆಯವರು ಯಾರಾದರೂ? ಗೊತ್ತಿಲ್ಲ ದೊಡ್ಡವ್ವ, ಅದೂ ಬರೆದಿಲ್ಲ. ಅವಳು ಚೀಲದ ಹಿಡಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ನಾನು ಎಡೆಯ ಬಗ್ಗೆ ಏನನ್ನೂ ಕೇಳಲಿಲ್ಲ. ಅವಳು ಹೊರಡುವುದಿಲ್ಲ ಎಂದುಕೊಂಡೆ.

"ಮಹೇಶ," ಎಂದಳು. ಒಂದು ವರ್ಷದ ಮೇಲೆ ಆ ಹೆಸರು. "ಎಲೆ ಕೊಯ್ಯೋವಾಗ ನಾಲ್ಕು ಜಾಸ್ತಿ ಕೊಯ್ಯಿ."

"ಎಲ್ಲಿ ಹಾಕ್ತೀಯ? ಜಗಲಿ ಮೇಲಾ?"

"ಒಳಗೆ."

"ಅವರು ಯಾವ ಜನಾನೋ ಏನೋ, ಅವ್ವ."

"ಒಳಗೆ ಅಂದ್ನಲ್ಲ."

ನಡುಮನೆಯಲ್ಲಿ ಆರು ಎಲೆಗೇ ಕಾಲಿಡಲು ಜಾಗ ಸಾಲದು, ಹತ್ತನ್ನು ಎಲ್ಲಿ ಹಾಸುವುದು ಎಂದು ಅವನು ಗೊಣಗಿದ. ವಾದ ಮಾಡುವ ದನಿಯಲ್ಲ. ನಿಜವಾಗಿಯೂ ನೆಲ ಅಳೆಯುತ್ತಿದ್ದ. ದೊಡ್ಡವ್ವ ಏಳಲು ಕುರ್ಚಿಯ ಕೈ ಹಿಡಿದಳು.

"ಹತ್ತು ಯಾಕೆ? ಒಂಬತ್ತು. ಬಸಪ್ಪಜ್ಜನ ಎಲೆ ಒಳಗಿಂದ ತಗಿ. ಅವನು ಜಗಲಿ ಮೇಲೆ ಕೂರ್ಲಿ, ಸಾಹೇಬನ ಪಕ್ಕ."

ಮಹೇಶಣ್ಣ ಎದುರಿಗೆ ನಿಲ್ಲಿಸಿದ್ದ ಫೋನನ್ನು ಆರಿಸದೆಯೇ ಅಂಗಿಯ ಜೇಬಿಗೆ ಹಾಕಿಕೊಂಡ. ತೆರೆ ಕಪ್ಪಾಯಿತು. ಎಡಿನ್‌ಬರೊದ ಆ ಬೆಂಚಿನ ಮೇಲೆ ಕೂತು ನಾನು ಕೇಳುತ್ತಲೇ ಇದ್ದೆ. ಚೀಲ ಎತ್ತಿದ ಸದ್ದು, ಚಪ್ಪಲಿ ಹುಡುಕಿದ ಸದ್ದು, ಬಾಗಿಲು. ಆಮೇಲೆ ಅವನ ದನಿ, ಬಟ್ಟೆಯ ಒಳಗಿನಿಂದ: "ಮೆಟ್ಲಿದೆ ಅವ್ವ, ನಿಧಾನ."